ಆದರ್ಶ ನಗರದ ಬಾಗಿಲಲ್ಲಿ ಮಂಟೇಸ್ವಾಮಿ

ಆದರ್ಶ ನಗರದ ಚರ್ಚೆ ನಮ್ಮ ತರಗತಿಗಳಲ್ಲಿ ಪ್ಲೇಟೋನಿಂದ ಶುರುವಾಗಿ ಅರಿಸ್ಟಾಟಲನಲ್ಲಿ ಮುಗಿಯುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯ ಜಾನಪದದವರ ಪಾಲಿಗೆ ಬೀಳುತ್ತದೆ. ಈ ವಿಂಗಡಣೆಯ ಬಗ್ಗೆಯೇ ನನ್ನ ತಕರಾರು.

ಆ ಕಾವ್ಯದ ಕಲ್ಯಾಣವೂ ಆದರ್ಶ ನಗರವೇ. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಉಣ್ಣುವ ಬಸವಣ್ಣನ ಊರು. ಅಲ್ಲಿಗೆ ಮಂಟೇಸ್ವಾಮಿ ಹೊಲಸು ವೇಷದಲ್ಲಿ, ಮೈಗೆ ನೊಣ ಮುತ್ತಿಸಿಕೊಂಡು ಬರುತ್ತಾನೆ. ಬಾಗಿಲಲ್ಲೇ ತಡೆಯುತ್ತಾರೆ. ಎಲ್ಲರೂ ಸಮಾನರಾದ ಊರಿಗೆ ಬಾಗಿಲು ಕಾಯುವವನು ಯಾಕೆ ಬೇಕಾದ? ಇದಕ್ಕಿಂತ ಚೂಪಾದ ರಾಜಕೀಯ ಪ್ರಶ್ನೆಯನ್ನು ನಾನಂತೂ ಗ್ರೀಕರಲ್ಲಿ ಓದಿಲ್ಲ.

ಪ್ಲೇಟೋನ ನಗರ ನಿಂತಿರುವುದೇ ಕಾವಲುಗಾರರ ಮೇಲೆ. ಹುಟ್ಟುವಾಗಲೇ ಕೆಲವರಲ್ಲಿ ಚಿನ್ನ, ಕೆಲವರಲ್ಲಿ ಬೆಳ್ಳಿ, ಉಳಿದವರಲ್ಲಿ ಕಬ್ಬಿಣ ಬೆರೆತಿದೆ ಎಂಬ ಸುಳ್ಳನ್ನು ಅಲ್ಲಿನ ಜನ ನಂಬಬೇಕು. ಚಿನ್ನದವರಿಗೂ ಕಬ್ಬಿಣದ ಮಗು ಹುಟ್ಟಬಹುದೆಂದು ಅವನು ಒಪ್ಪುತ್ತಾನೆ, ನಿಜ. ಆದರೆ ಒರೆಗಲ್ಲು ಇರುವುದು ಆಳುವವರ ಕೈಯಲ್ಲಿ! ಅರಿಸ್ಟಾಟಲ್ ಗುರುವನ್ನು ಟೀಕಿಸಿ ಕಟ್ಟಿದ ನಗರದಲ್ಲೂ ಕುಶಲಕರ್ಮಿಗಳು, ವ್ಯಾಪಾರಿಗಳು ಪೌರರಲ್ಲ. ಹೊಲ ಉಳುವವರು ಗುಲಾಮರಾಗಿದ್ದರೆ ಒಳಿತಂತೆ.

ಅದು ಕತೆ, ಇದು ತತ್ವ ಎನ್ನುವವರು ‘ರಿಪಬ್ಲಿಕ್’ನ 10ನೇ ಪುಸ್ತಕ ತೆರೆಯಲಿ. ಅದು ಮುಗಿಯುವುದು ಸತ್ತು ಎದ್ದುಬಂದ ಏರ್ ಎಂಬ ಯೋಧನ ಕತೆಯಿಂದ. ಅದೇ ಪುಸ್ತಕದಲ್ಲಿ ಕವಿಗಳಿಗೆ ನಗರದ ಬಾಗಿಲು ಮುಚ್ಚುತ್ತದೆ. ದೇವರನ್ನು, ಸಜ್ಜನರನ್ನು ಹೊಗಳುವ ಹಾಡಿಗಷ್ಟೇ ವಿನಾಯಿತಿ. ನೀಲಗಾರರು ಹಾಡುವುದೂ ದೇವರನ್ನೇ, ಆದರೆ ಆ ದೇವರು ಸಜ್ಜನರ ಊರನ್ನೇ ಪರೀಕ್ಷೆಗೆ ಒಡ್ಡುವವನು. ಮುಂದಿನ ಸಲ ‘ರಿಪಬ್ಲಿಕ್’ ಪಾಠ ಮಾಡುವವರು ಪಕ್ಕದಲ್ಲಿ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಭಾಗವನ್ನೂ ಇಟ್ಟುಕೊಳ್ಳಲಿ, ಟಿಪ್ಪಣಿಯಾಗಿ ಅಲ್ಲ, ಪ್ಲೇಟೋನಿಗೆ ಎದುರು ವಾದವಾಗಿ.