ತೋಟದ ಹೆಸರು ಕಂಪನಿಗೆ ಗೊತ್ತಿದೆ

ಕೋಲ್ಕತ್ತಾದಲ್ಲಿ ಮಾನವ ಕಳ್ಳಸಾಗಣೆ ಎಂದರೆ ಎಲ್ಲರ ಬೆರಳೂ ಸೋನಾಗಾಚಿಯತ್ತ ಹೋಗುತ್ತದೆ. ಬಹುರಾಷ್ಟ್ರೀಯ ಕಂಪನಿಗಳ ಸಿಎಸ್‌ಆರ್ ಹಣಕ್ಕೂ ಸುಲಭವಾಗಿ ಸಿಗುವ ದಾರಿ ಅದೇ: ಜಾಗೃತಿ ಪೋಸ್ಟರ್, ಹೊಲಿಗೆ ಯಂತ್ರ, ಒಂದು ಫೋಟೊ. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹುಡುಗಿಯರು ಕಾಣೆಯಾಗುವ ಜಾಗ ಬೇರೆಯೇ ಇದೆ. ಅಂಥ ಒಂದು ಜಾಗ ಉತ್ತರ ಬಂಗಾಳದ ಡುವಾರ್ಸ್ ಚಹಾ ತೋಟಗಳು.

ಕೊಡಗಿನ ಲೈನ್ ಮನೆಗಳನ್ನು ಕಂಡವರಿಗೆ ಡುವಾರ್ಸ್ ಅಪರಿಚಿತವೆನಿಸದು. ಮನೆಗೂ ಆಸ್ಪತ್ರೆಗೂ ತೋಟವನ್ನೇ ನಂಬಬೇಕು. 2023ರ ಏರಿಕೆಯ ನಂತರವೂ ದಿನಗೂಲಿ 250 ರೂಪಾಯಿ ಆಯಿತು, ಅಷ್ಟೆ. ತೋಟ ಮುಚ್ಚಿದರೆ ಅದೂ ಇಲ್ಲ. ಡಂಕನ್ಸ್ ಕಂಪನಿಯ ತೋಟಗಳು ಕುಸಿದಾಗ, 2016ರ ಜನವರಿಯಲ್ಲಿ, ಏಳು ತೋಟಗಳ ಆಡಳಿತ ವಹಿಸಿಕೊಳ್ಳುವಂತೆ ಕೇಂದ್ರ ಸರ್ಕಾರ ಟೀ ಬೋರ್ಡ್‌ಗೆ ಸೂಚಿಸಬೇಕಾಯಿತು. ಒಲೆ ಉರಿಯದ ಇಂಥ ದಿನಗಳಲ್ಲೇ ದಲ್ಲಾಳಿ ಬರುವುದು. ಅನೇಕ ಸಲ ಅವನು ಗುರುತಿನವನೇ. ದೆಹಲಿಯಲ್ಲಿ ಮನೆಗೆಲಸ, ಊಟ, ವಸತಿ, ಅಪ್ಪನ ಕೈಗೆ ಒಂದಿಷ್ಟು ಮುಂಗಡ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಈ ಉಪಾಯ ಜೀತ ಕಂಡ ನಮ್ಮ ನಾಡಿಗೆ ಹೊಸದಲ್ಲ.

ಇಲ್ಲಿ ಕಂಪನಿಗಳ ಪಾತ್ರವೇನು? ಕೋಲ್ಕತ್ತಾದಲ್ಲಿ 1861ರಿಂದ ಚಹಾ ಹರಾಜು ನಡೆದುಬಂದಿದೆ. ಹರಾಜಿನ ಪಟ್ಟಿಯಲ್ಲಿ ಪ್ರತಿ ಲಾಟಿನ ಎದುರು ತೋಟದ ಹೆಸರು, ದರ್ಜೆ, ಚೀಲಗಳ ಸಂಖ್ಯೆ ಇರುತ್ತವೆ. ಹತ್ತಾರು ತೋಟಗಳ ಪುಡಿ ಬೆರೆತು ಪೊಟ್ಟಣಕ್ಕೆ ಹೋದ ಮೇಲೆ ಕುಡಿಯುವ ನಮಗೆ ಮೂಲ ತಿಳಿಯದು. ಕೊಂಡವರಿಗೆ ತಿಳಿದಿರುತ್ತದೆ. ಪೂರೈಕೆ ಸರಪಳಿ ಜಟಿಲ ಎಂಬ ನೆಪ ಚಹಾದಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ಟ್ರೇಡ್‌ಕ್ರಾಫ್ಟ್ ಎಕ್ಸ್‌ಚೇಂಜ್ ಸಂಸ್ಥೆ 2018ರಲ್ಲಿ ಅಸ್ಸಾಂ ಚಹಾದ ಬಗ್ಗೆ ಪಟ್ಟು ಹಿಡಿದು ಕೇಳಿದ ಮೇಲೆ ದೊಡ್ಡ ಬ್ರ್ಯಾಂಡ್‌ಗಳು ತಾವು ಕೊಳ್ಳುವ ತೋಟಗಳ ಪಟ್ಟಿಯನ್ನು ಹೊರಗಿಟ್ಟವು. ಕೇಳುವತನಕ ಹೇಳಿರಲಿಲ್ಲ.

ಕಾನೂನು ಇನ್ನೂ ಮೆತ್ತಗಿದೆ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ ದೊಡ್ಡ ಕಂಪನಿಗಳಿಂದ ವರ್ಷಕ್ಕೊಂದು ಹೇಳಿಕೆ ಬಯಸುತ್ತದೆ. ತಮಾಷೆಯೆಂದರೆ, ‘ನಾವು ಏನೂ ಮಾಡಿಲ್ಲ’ ಎಂದು ಬರೆದುಕೊಟ್ಟರೂ ಕಾಯ್ದೆ ಪಾಲಿಸಿದಂತೆಯೇ! ನಮ್ಮಲ್ಲಿ ಸೆಬಿ, ಷೇರುಪೇಟೆಯ ಮೊದಲ 1000 ಕಂಪನಿಗಳಿಂದ ಬಲವಂತದ ದುಡಿಮೆಯ ಬಗ್ಗೆಯೂ ವರದಿ ಕೇಳುತ್ತದೆ. ಷೇರುಪೇಟೆಗೆ ಬಾರದ ವಿದೇಶಿ ಕಂಪನಿಗಳ ಭಾರತೀಯ ಶಾಖೆಗಳಿಗೆ, ಅಂದರೆ ನಮ್ಮಲ್ಲಿ ಬಹಳಷ್ಟು ಜನ ಸಂಬಳ ಪಡೆಯುವ ಕಡೆಗೆ, ಆ ಪ್ರಶ್ನೆ ಬರುವುದೇ ಇಲ್ಲ. ಅದನ್ನು ಮೊದಲು ಸರಿಪಡಿಸಬೇಕು.

ಮತ್ತೊಂದು ಕೆಲಸಕ್ಕೆ ಕಾನೂನಿನ ದಾರಿ ಕಾಯಬೇಕಿಲ್ಲ. ಕೊಯ್ಲಿನ ಹಂಗಾಮಿನಲ್ಲಿ ಒಂದು ತೋಟದ ಲಾಟುಗಳು ಪಟ್ಟಿಯಲ್ಲಿ ಕಡಿಮೆಯಾಗುತ್ತಾ ಬಂದರೆ, ಅದು ಖರೀದಿ ವಿಭಾಗದ ಕಣ್ಣಿಗೆ ಬೀಳದೇ ಇರದು. ಬೇರೆ ತೋಟದ ಲಾಟು ಕೂಗಿ ಮುಂದೆ ಹೋಗುವ ಬದಲು ಅಲ್ಲಿ ಕೂಲಿ ಬಟವಾಡೆ ಆಗಿದೆಯೇ ಎಂದು ವಿಚಾರಿಸಬಹುದು. ಆಗಿಲ್ಲವೆಂದರೆ ಟೀ ಬೋರ್ಡ್‌ಗೂ ಜಿಲ್ಲಾಡಳಿತಕ್ಕೂ ಅಂದೇ ತಿಳಿಸಬಹುದು, ದಲ್ಲಾಳಿ ಲೈನಿಗೆ ಕಾಲಿಡುವ ಮೊದಲೇ.