ವಯಸ್ಸು ಇಳಿಸಿದರೆ ಸರ್ಕಾರದ ಹೊಣೆ ಇಳಿಯುವುದಿಲ್ಲ

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರ್‌ಗಳ ಜೀವ ತೆಗೆಯಿತು. ಬಾಲನ್ಯಾಯ ಮಂಡಳಿಯಿಂದ ಅಂದೇ ಜಾಮೀನು ಸಿಕ್ಕಿತು. ಅದರ ಷರತ್ತುಗಳಲ್ಲೊಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ಜನ ರೊಚ್ಚಿಗೆದ್ದದ್ದು ಸಹಜ. ಆದರೆ ಆ ಸಿಟ್ಟಿನ ಬೆನ್ನಿಗೇ ಎದ್ದ ಕೂಗು, ಬಾಲಾಪರಾಧಿಯ ವಯೋಮಿತಿ ಇಳಿಸಿ ಎಂಬುದು, ಶುದ್ಧ ದಾರಿ ತಪ್ಪಿಸುವ ಮಾತು.

ಕೂಗು ಹೊಸದಲ್ಲ. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರವೂ ಎದ್ದಿತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರಲ್ಲಿ ವಯಸ್ಸು ಇಳಿಸುವುದು ಬೇಡವೆಂದಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಆದರೂ 2015ರ ಡಿಸೆಂಬರ್‌ನಲ್ಲಿ ಬೀದಿಯ ಒತ್ತಡಕ್ಕೆ ಸಂಸತ್ತು ಮಣಿಯಿತು. ಘೋರ ಅಪರಾಧವಾದರೆ 16 ದಾಟಿದವರನ್ನು ವಯಸ್ಕರಂತೆ ವಿಚಾರಿಸಲು ಅಂದೇ ಬಾಗಿಲು ತೆರೆಯಿತು. ಅಂದರೆ ಕೇಳಿದ್ದು ಆಗಲೇ ಸಿಕ್ಕಿದೆ. ಸಿಗದೇ ಇರುವುದು ಬೇರೆ.

ಅದೇನೆಂದು ತಿಳಿಯಬೇಕಾದರೆ ನ್ಯಾಯಮೂರ್ತಿ ಮದನ್ ಬಿ. ಲೋಕೂರ್ ಅವರ ಕೆಲಸ ನೋಡಬೇಕು. 2012ರಿಂದ 2018ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದ ಅವರು ಅದರ ಬಾಲನ್ಯಾಯ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಹಾದಿ ತಪ್ಪಿದ ಮಕ್ಕಳ ಮೇಲೆ ಕನಿಕರ ತೋರಿಸಿ ಸುಮ್ಮನಾಗಲಿಲ್ಲ, ಸರ್ಕಾರಗಳಿಂದ ಲೆಕ್ಕ ಕೇಳಿದರು. ಸಂಪೂರ್ಣಾ ಬೆಹೂರಾ ಅವರು 2005ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ 2018ರ ಫೆಬ್ರುವರಿಯಲ್ಲಿ ಅವರ ಪೀಠ ತೀರ್ಪಿತ್ತಿತು. ಮಕ್ಕಳ ಹಕ್ಕುಗಳ ಆಯೋಗಗಳಲ್ಲಿ, ಬಾಲನ್ಯಾಯ ಮಂಡಳಿಗಳಲ್ಲಿ ಖಾಲಿ ಹುದ್ದೆ ತುಂಬಿ, ಮಂಡಳಿಗಳು ನಿಯಮಿತವಾಗಿ ಕೂರಲಿ, ಪರಿವೀಕ್ಷಣಾಧಿಕಾರಿಗಳು ಎಷ್ಟು ಬೇಕೆಂದು ಅಧ್ಯಯನ ಮಾಡಿಸಿ, ಪ್ರತಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಉಸ್ತುವಾರಿ ವಹಿಸಲಿ ಎಂದಿತು. ಹದಿಮೂರು ವರ್ಷದ ವ್ಯಾಜ್ಯದ ಕೊನೆಗೆ ನ್ಯಾಯಾಲಯ ಹೇಳಬೇಕಾಗಿ ಬಂದದ್ದು, ಇರುವ ಕಾನೂನನ್ನು ಜಾರಿ ಮಾಡಿ ಎಂದು!

ಜಾರಿ ಎಂದರೇನು? ಪರಿವೀಕ್ಷಣಾಧಿಕಾರಿ ತುಂಬಬೇಕಾದ ಸಾಮಾಜಿಕ ತನಿಖಾ ವರದಿಯ ನಮೂನೆ ತೆಗೆದು ನೋಡಿ. ಮನೆಯಲ್ಲಿ ಯಾರ್ಯಾರಿದ್ದಾರೆ, ಶಾಲೆ ಬಿಟ್ಟದ್ದೇಕೆ, ಸ್ನೇಹಿತರು ಎಂಥವರು, ಯಾವ ಚಟವಿದೆ, ಹಿರಿಯರು ಯಾರಾದರೂ ದುರ್ಬಳಕೆ ಮಾಡಿಕೊಂಡರೇ ಎಂದೆಲ್ಲ ಅದು ಕೇಳುತ್ತದೆ. ಇದನ್ನು ಪ್ರಾಮಾಣಿಕವಾಗಿ ತುಂಬಲು ಆ ಓಣಿಗೆ ಹೋಗಬೇಕು, ನೆರೆಹೊರೆಯವರ ಹತ್ತಿರ ಕೂತು ಮಾತಾಡಬೇಕು. ಪುಣೆಯಲ್ಲಿ ಸಿಕ್ಕ ಜಾಮೀನಿನ ವೇಗಕ್ಕೆ ಇದಾವುದೂ ಹೊಂದುವುದಿಲ್ಲ. ಆ ಪ್ರಬಂಧ ಕರುಣೆ ಅತಿಯಾದದ್ದರ ಗುರುತಲ್ಲ, ಮೈ ಬಗ್ಗಿಸಿ ಕೆಲಸ ಮಾಡದೆ ಬರೆದ ಆದೇಶದ ಗುರುತು.

ಹಾಗಾದರೆ ಸತ್ತವರ ಮನೆಯವರಿಗೆ ನ್ಯಾಯ ಬೇಡವೇ? ಖಂಡಿತ ಬೇಕು. ಆ ಪ್ರಕರಣದಲ್ಲಿ ರಕ್ತದ ಮಾದರಿ ಅದಲುಬದಲು ಮಾಡಿದ ಆರೋಪದ ಮೇಲೆ ಬಂಧಿತರಾದವರು ವೈದ್ಯರು, ವಯಸ್ಕರು. ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪಾಲಕರಿಗೆ ಮೂರು ವರ್ಷದ ಜೈಲು, 25 ಸಾವಿರ ರೂಪಾಯಿ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಯಲ್ಲಿ 2019ರಿಂದಲೇ ಅವಕಾಶವಿದೆ. ದೊಡ್ಡವರನ್ನು ಹಿಡಿಯುವ ಕಾನೂನು ಕೈಯಲ್ಲಿಟ್ಟುಕೊಂಡು ಚಿಕ್ಕವರ ವಯಸ್ಸು ಇಳಿಸಿ ಎನ್ನುವುದು ಎಲ್ಲಿಯ ನ್ಯಾಯ?

ವಯಸ್ಸು ಇಳಿದರೆ ಪೆಟ್ಟು ಬೀಳುವುದು ಪೋರ್ಷೆಯವನಿಗಲ್ಲ. ಅವನಿಗೆ ದುಬಾರಿ ವಕೀಲರಿದ್ದಾರೆ. ಶಾಲೆ ಬಿಟ್ಟು ಗ್ಯಾರೇಜು ಸೇರಿ, ಯಾರದೋ ಮಾತು ಕೇಳಿ ಕಳವಿಗೆ ಇಳಿದ ಹುಡುಗ ಪಳಗಿದ ಕಳ್ಳರ ಜೊತೆ ಸೆರೆಯಲ್ಲಿ ಕೂರುತ್ತಾನೆ. ಹೊರಬರುವಾಗ ಅವನು ಕಲಿತು ಬರುವ ವಿದ್ಯೆ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಲೋಕೂರ್ ಪೀಠದ ಆದೇಶ ಕರ್ನಾಟಕಕ್ಕೂ ಅನ್ವಯಿಸುತ್ತದೆ. ಟಿವಿ ಚರ್ಚೆಯಲ್ಲಿ ಗಲ್ಲು ಕೇಳುವ ನಮ್ಮ ಶಾಸಕರು ತಮ್ಮ ಜಿಲ್ಲೆಯ ಬಾಲನ್ಯಾಯ ಮಂಡಳಿ ವಾರಕ್ಕೆ ಎಷ್ಟು ದಿನ ಕೂರುತ್ತದೆ, ಪರಿವೀಕ್ಷಣಾಧಿಕಾರಿ ಎಷ್ಟು ಜನ ಇದ್ದಾರೆ, ವೀಕ್ಷಣಾಲಯದಲ್ಲಿ ಆಪ್ತಸಮಾಲೋಚಕರು ಇದ್ದಾರೆಯೇ ಎಂದು ಮುಂದಿನ ಅಧಿವೇಶನದಲ್ಲಿ ಕೇಳಲಿ. ಉತ್ತರ ಬಂದ ಮೇಲೆ ವಯಸ್ಸಿನ ಮಾತಾಡೋಣ.