ಸತುವಿನ ಸರಪಳಿ: ಗದ್ದೆಯಿಂದ ಊಟದ ಎಲೆಗೆ

ನಾಟಿಯಾದ ಕೆಲವೇ ವಾರಗಳಲ್ಲಿ ಭತ್ತದ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿ, ಪೈರು ಕುಳ್ಳಾಗಿ ನಿಂತುಬಿಡುವುದುಂಟು. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದಲ್ಲಿ ಇದಕ್ಕೆ ‘ಖೈರಾ’ ಎಂದು ಹೆಸರು. ಇದರ ಮೂಲ ರೋಗಾಣುವಲ್ಲ, ಸತುವಿನ ಕೊರತೆ ಎಂದು 1966ರಲ್ಲಿ ತೋರಿಸಿಕೊಟ್ಟವರು ಪಂತನಗರದ ವಿಜ್ಞಾನಿ ವೈ. ಎಲ್. ನೆನೆ.

ಮನುಷ್ಯರ ಕುಂಠಿತ ಬೆಳವಣಿಗೆಗೂ ಇದೇ ಕಾರಣವಿರಬಹುದೆಂಬುದು ಅದಕ್ಕೂ ಸ್ವಲ್ಪ ಮೊದಲೇ ಬೆಳಕಿಗೆ ಬಂದಿತ್ತು. ಬಿಹಾರ ಮೂಲದ ವೈದ್ಯ ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ 21 ವರ್ಷದ ಯುವಕನೊಬ್ಬನನ್ನು ಪರೀಕ್ಷಿಸಿದರು. ನೋಡಲು ಅವನು ಹತ್ತರ ಬಾಲಕನಂತಿದ್ದ. ಹುದುಗು ಬರಿಸದ ಗೋಧಿ ರೊಟ್ಟಿಯೇ ಅವನ ಮುಖ್ಯ ಆಹಾರ. ಮುಂದೆ ಈಜಿಪ್ಟಿನಲ್ಲಿ ಇಂಥವರಿಗೆ ಸತುವನ್ನು ಕೊಟ್ಟಾಗ ಬೆಳವಣಿಗೆ ಚಿಗುರಿತು. ರೊಟ್ಟಿಯಲ್ಲಿ ಸತು ಇರಲಿಲ್ಲವೆಂದಲ್ಲ. ಧಾನ್ಯದ ತೌಡಿನಲ್ಲಿರುವ ಫೈಟಿಕ್ ಆಮ್ಲವು ಅದನ್ನು ಕಟ್ಟಿಹಾಕಿ ಕರುಳಿಗೆ ದಕ್ಕದಂತೆ ಮಾಡಿತ್ತು.

ದೇಹಕ್ಕೆ ದಿನವೊಂದಕ್ಕೆ ಬೇಕಾದ ಸತು ಕೆಲವೇ ಮಿಲಿಗ್ರಾಂ. ಆದರೆ ಜೀವಕೋಶಗಳ ವಿಭಜನೆ, ಗಾಯ ಮಾಯುವುದು, ರೋಗನಿರೋಧಕ ಶಕ್ತಿ ಎಲ್ಲವೂ ಅದನ್ನು ಅವಲಂಬಿಸಿವೆ. ಕೊರತೆಯ ದಿನಗಳಿಗೆಂದು ಕೂಡಿಡುವ ಉಗ್ರಾಣ ದೇಹದಲ್ಲಿಲ್ಲ. ಭೇದಿಯಾದ ಮಗುವಿನಲ್ಲಿ ಇದ್ದ ಸತುವೂ ಹರಿದುಹೋಗುತ್ತದೆ. ಆದ್ದರಿಂದಲೇ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಓಆರ್‌ಎಸ್ ದ್ರಾವಣದ ಜೊತೆಗೆ 10ರಿಂದ 14 ದಿನ ನಿತ್ಯ 20 ಮಿಲಿಗ್ರಾಂ ಸತುವನ್ನು, ಆರು ತಿಂಗಳೊಳಗಿನ ಶಿಶುಗಳಿಗೆ 10 ಮಿಲಿಗ್ರಾಂ ಕೊಡಬೇಕೆಂದು ಶಿಫಾರಸು ಮಾಡಿದವು. ಮಳೆಗಾಲದಲ್ಲಿ ಕಾಲುಸಂಕ ಮುಳುಗಿ ದಾರಿ ಕಡಿಯುವ ನಮ್ಮ ಹಳ್ಳಿಗಳಿಗೆ ಈ ಗುಳಿಗೆಗಳು ಮುಂಗಾರಿಗೆ ಮೊದಲೇ ತಲುಪಬೇಕೆಂದು ನಾವು ಒತ್ತಾಯಿಸಬೇಕಾಗಿದೆ.

ಆದರೆ ಗುಳಿಗೆ ಊಟಕ್ಕೆ ಬದಲಿಯಲ್ಲ. 2009ರಲ್ಲಿ ಕರ್ನಾಟಕದಲ್ಲಿ ಆರಂಭವಾದ ‘ಭೂಚೇತನ’ ಯೋಜನೆಯ ಮಣ್ಣು ಪರೀಕ್ಷೆಗಳು ರಾಜ್ಯದ ಹೊಲಗಳಲ್ಲಿ ಗಂಧಕ, ಬೋರಾನ್‌ಗಳೊಂದಿಗೆ ಸತುವಿನ ಕೊರತೆಯೂ ವ್ಯಾಪಕವಾಗಿರುವುದನ್ನು ತೋರಿಸಿದವು. ಅತಿಯಾಗಿ ಸುರಿದ ರಂಜಕದ ಗೊಬ್ಬರವೂ ಬೇರಿಗೆ ಸತು ಸಿಗದಂತೆ ತಡೆಯುತ್ತದೆ.

ಇಲ್ಲಿ ನಮ್ಮ ಬಳಗಕ್ಕೂ ಒಂದು ಮಾತು ಹೇಳಬೇಕಿದೆ. ರಾಸಾಯನಿಕವೆಂಬ ಒಂದೇ ಕಾರಣಕ್ಕೆ ಸತುವಿನ ಸಲ್ಫೇಟನ್ನು ತಿರಸ್ಕರಿಸುವವರು ನಮ್ಮಲ್ಲಿದ್ದಾರೆ. ಸೊಪ್ಪು, ಕೊಟ್ಟಿಗೆ ಗೊಬ್ಬರಗಳು ಇರುವ ಸತುವನ್ನು ಬೇರಿಗೆ ಒದಗಿಸಬಲ್ಲವು, ಹಿಡಿದಿಡಬಲ್ಲವು. ಸತು ಬಡವಾದ ನೆಲದ ಸೊಪ್ಪು ಅದೇ ನೆಲದ ಕೊರತೆಯನ್ನು ತುಂಬಲಾರದು. ಊಹೆಯಿಂದ ಎರಚುವುದೂ ತಪ್ಪು, ಹಟದಿಂದ ನಿರಾಕರಿಸುವುದೂ ತಪ್ಪು. 2015ರಲ್ಲಿ ಜಾರಿಗೆ ಬಂದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸತುವೂ ಒಂದು. ಮೊದಲು ಅದನ್ನು ಓದೋಣ.

ಉಳಿದ ಕೆಲಸ ಅಡಿಗೆಮನೆಯದು. ದೋಸೆಹಿಟ್ಟನ್ನು ಹುಳಿ ಬರಿಸುವುದು, ಹೆಸರು-ಹುರುಳಿಗಳನ್ನು ನೆನೆಸಿ ಮೊಳಕೆ ಕಟ್ಟುವುದು, ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡುವುದು ಇವೆಲ್ಲವೂ ಫೈಟಿಕ್ ಆಮ್ಲದ ಹಿಡಿತವನ್ನು ಸಡಿಲಿಸುತ್ತವೆ. ಎಳ್ಳು, ಕಾಳುಗಳು, ರೂಢಿಯಿದ್ದವರಿಗೆ ಮೊಟ್ಟೆ, ಮೀನು, ಮಾಂಸ ಸತುವಿನ ಒಳ್ಳೆಯ ಮೂಲಗಳು. ಶಾಲೆಯ ಬಿಸಿಯೂಟದಲ್ಲಿ, ಅಂಗನವಾಡಿಯ ತಟ್ಟೆಯಲ್ಲಿ ಇವಕ್ಕೆ ಎಷ್ಟು ಸ್ಥಾನವಿದೆಯೆಂದು ಓದುಗರು ತಮ್ಮ ತಮ್ಮ ಊರಿನಲ್ಲಿ ವಿಚಾರಿಸಿ ನೋಡಬೇಕೆಂದು ಕೋರುತ್ತೇವೆ.